ನೀರು ಮುಟ್ಟದ ಮಂಗಳವಾರ

ಲುಪ್ಶಾ ಲೋಟ ಎತ್ತಿದ. ನಾನು ಅವನ ಮುಖ ನೋಡಲಿಲ್ಲ, ಗಂಟಲು ನೋಡಿದೆ.

ಗಂಟಲಗಂಟು ಮೇಲೇರಿ ಕೆಳಗಿಳಿಯಿತು. ಪ್ಲಮ್ ಹಣ್ಣಿನ ಸಾರಾಯಿ ಒಂದೇ ಗುಟುಕಿಗೆ ಒಳಗೆ ಹೋಯಿತು. ಹಿಂದೆಯೇ ಮಣ್ಣಿನ ಹೂಜಿಯಿಂದ ಒಂದು ಲೋಟ ನೀರು ಬಗ್ಗಿಸಿ ಕೊಟ್ಟೆ. ಅದನ್ನೂ ಕುಡಿದು ಮೀಸೆ ಒರೆಸಿಕೊಂಡ.

"ಏನು ಪೊಲೀಸಮ್ಮ, ಇವತ್ತು ಇಷ್ಟೊಂದು ಉಪಚಾರ? ನಿಮ್ಮ ಇಲಾಖೆಯೋರು ನನ್ನ ಮಿಲ್ಲಿಗೆ ಬಂದು ಕುಡಿದು ಹೋಗೋದು ನೋಡಿದೀನಿ. ಕುಡಿಸೋಕೆ ಬಂದಿದ್ದು ಇದೇ ಮೊದಲು."

"ಬಿಸಿಲು ಜಾಸ್ತಿ ಲುಪ್ಶಾ. ನೀನು ಒಣಗಿ ಹೋದ್ರೆ ನಾನು ಯಾರನ್ನ ವಿಚಾರಿಸ್ಲಿ?"

ಗರಗಸ ನಿಲ್ಲಿಸಿ ಕೇಳುತ್ತಿದ್ದ ಆಳುಗಳು ನಕ್ಕರು. ಲುಪ್ಶಾ ಅವರ ಕಡೆ ತಿರುಗಿದ್ದೇ ತಡ, ಗರಗಸ ಮತ್ತೆ ಕಿರುಚಿಕೊಂಡಿತು.

ಒಂಬತ್ತು ವಾರದ ಹಿಂದೆ ಇದೇ ಮಿಲ್ಲಿನ ಕೆಳಗಿನ ಹೊಳೆಯಲ್ಲಿ ಅರಣ್ಯ ರಕ್ಷಕ ನಿಕ್ವಾರಾನ ಹೆಣ ಸಿಕ್ಕಿತ್ತು. ತಲೆಯ ಹಿಂಭಾಗ ಒಡೆದಿತ್ತು. ಸೊಂಟದಲ್ಲಿ ಸದಾ ತೂಗುತ್ತಿದ್ದ ಮುದ್ರೆಯ ಸುತ್ತಿಗೆ ಇರಲಿಲ್ಲ.

ನಾನು ಅಂಗಳದಲ್ಲಿ ಪೇರಿಸಿದ್ದ ದಿಮ್ಮಿಗಳ ಹತ್ತಿರ ಹೋದೆ. ಸ್ಪ್ರೂಸ್ ಮರ, ಅಂಟು ಇನ್ನೂ ಆರಿರಲಿಲ್ಲ. ಕಡಿದು ನಾಲ್ಕು ದಿನವೂ ಆಗಿರಲಾರದು. ಕಡಿದ ಮುಖದ ಮೇಲೆ ಅಂಕಿ ಅಚ್ಚೊತ್ತಿತ್ತು: ಹದಿನೇಳು. ಕಡಿಯಲು ಅಪ್ಪಣೆಯಿರುವ ಮರಕ್ಕೆ ಮಾತ್ರ ರಕ್ಷಕ ತನ್ನ ಸುತ್ತಿಗೆಯಿಂದ ಹಾಗೆ ಹೊಡೆಯುತ್ತಾನೆ. ಒಬ್ಬೊಬ್ಬನಿಗೆ ಒಂದೊಂದು ಅಂಕಿ. ಹದಿನೇಳು ನಿಕ್ವಾರಾನದು.

"ಸತ್ತವನು ಇನ್ನೂ ಕೆಲಸಕ್ಕೆ ಹೋಗ್ತಿದಾನಾ ಲುಪ್ಶಾ?"

"ಮುದ್ರೆ ಇದೆಯಾ? ಇದೆ. ನಾನು ಮುದ್ರೆ ನೋಡ್ತೀನಿ, ಕೈ ನೋಡಲ್ಲ."

"ತಂದಿದ್ದು ಯಾರ ಗಾಡಿ?"

"ಕಣಿವೇಲಿ ಮೂವತ್ತು ಕುದುರೆಗಾಡಿ ಇದಾವೆ. ನಾನೇಳೋ ಹೊತ್ತಿಗೆ ದಿಮ್ಮಿ ಇಳಿಸಿ ಹೋಗಿರ್ತಾರೆ. ಲದ್ದಿ ನೋಡಿ ಕುದುರೆ ಹೆಸರು ಹೇಳೋಷ್ಟು ಜಾಣ ನಾನಲ್ಲ, ತಾಯಿ."

ಸುಳ್ಳು ಹೇಳುತ್ತಿದ್ದ. ಆದರೆ ನನಗೆ ಬೇಕಿದ್ದ ಸುಳ್ಳು ಅದಲ್ಲ. ಅವನು ಕುಡಿದಿದ್ದ. ಇವತ್ತಿನ ಮಟ್ಟಿಗೆ ಅದೇ ಅವನ ಸಾಕ್ಷಿ.

ಜೀಪು ಹತ್ತಿದ ಕೂಡಲೇ ಗವ್ರಿಲಾ ಕೇಳಿದ, "ಇವನಲ್ಲವಾ ಮೇಡಂ?"

"ಅಲ್ಲ."

"ಥೂ. ಇವನೇ ಆಗಿದ್ರೆ ಊಟದ ಹೊತ್ತಿಗೆ ಮನೆ ಸೇರ್ತಿದ್ದೆ. ಹೆಂಡತಿ ಮುದ್ದೆ ಕೂಡಿಸಿ, ಕುರಿಗಿಣ್ಣು ಕಾಯಿಸಿ ಇಟ್ಟಿರ್ತಾಳೆ." ಇನ್ನೆರಡು ವರ್ಷಕ್ಕೆ ನಿವೃತ್ತನಾಗುವ ಪೇದೆ ಗವ್ರಿಲಾನಿಗೆ ಪ್ರತಿ ಕೇಸೂ ಊಟಕ್ಕೆ ಅಡ್ಡ ಬಂದ ಕೇಸೇ.

ನನ್ನ ಕಿವಿಯಲ್ಲಿ ಬೆಳಗಿನ ಮಾತು ಇನ್ನೂ ಗುಂಯ್ಗುಡುತ್ತಿತ್ತು.

ಬೆಳಗ್ಗೆ ಶೆಸುರಿ ಹಳ್ಳಿಗೆ ಹೋಗಿ ಪಲಾಗುತ್ಸಾಳ ಮನೆಯ ಬಾಗಿಲು ತಟ್ಟಿದ್ದೆ. ನಿಕ್ವಾರಾನ ತಾಯಿ. ಅರವತ್ತೆಂಟು ವಯಸ್ಸು. ನನ್ನನ್ನು ಚರ್ಚಿನಲ್ಲಿ ಎತ್ತಿಕೊಂಡು ಹೆಸರಿಟ್ಟವಳು, ಅಂದಿನಿಂದ ನನಗೆ ದೊಡ್ಡಮ್ಮ. ಒಲೆ ಹೊತ್ತಿಸಿರಲಿಲ್ಲ. ಖಾಲಿ ಮೇಜಿನ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ತುಟಿ ಬಿಳಿಚಿಕೊಂಡಿತ್ತು.

"ಇವತ್ತು ಒಂಬತ್ತನೇ ಮಂಗಳವಾರ ಅನಿಸಿಯಾ," ಎಂದಳು.

"ಗೊತ್ತು ದೊಡ್ಡಮ್ಮ."

"ಮೊದಲನೇ ನಕ್ಷತ್ರ ಕಂಡಾಗ ರೊಟ್ಟಿ ಮುರೀತೀನಿ. ಅಷ್ಟರೊಳಗೆ ನನಗೆ ಹೆಸರು ಬೇಕು."

"ತನಿಖೆ ಅಂದ್ರೆ..."

"ತನಿಖೆ ನೀನು ಮಾಡ್ಕೋ. ನನ್ನ ಮಗ ಕೈಯಲ್ಲಿ ಬತ್ತಿ ಇಲ್ಲದೆ ಸತ್ತ. ಒಬ್ಬರು, ಒಬ್ಬರೇ ಒಬ್ಬರು ಒಂದು ಮೇಣದಬತ್ತಿ ಹಚ್ಚಿ ಕೈಗೆ ಕೊಡಲಿಲ್ಲ. ಅಲ್ಲಿ ಕತ್ತಲೇಲಿ ಗೋಡೆ ತಡವಿಕೊಂಡು ನಡೀತಿದಾನೆ. ನಾನಿಲ್ಲಿ ನೀನು ಫೈಲು ಬರೆಯೋದು ನೋಡ್ತಾ ಕೂರ್ಲಾ? ನೀನು ಹೆಸರು ತರದಿದ್ರೆ ನನ್ನ ಮನಸ್ಸಲ್ಲಿರೋ ಹೆಸರೇ ಸರಿ ಅಂತ ತಿಳ್ಕೋತೀನಿ. ಹೆಸರು ಬಾಯಲ್ಲಿ ಹೇಳಲ್ಲ. ಆ ಮನುಷ್ಯ ಮಿಲ್ಲಿನ ಅಟ್ಟದ ಮೇಲೆ ಮಲಗ್ತಾನೆ. ಕೆಳಗೆಲ್ಲ ಒಣಹಲಗೆ, ಮರದ ಹೊಟ್ಟು. ಒಂದು ಕಿಡಿ ಸಾಕು."

"ನಿನ್ನನ್ನ ಜೈಲಿಗೆ ಹಾಕ್ಬೇಕಾಗುತ್ತೆ ದೊಡ್ಡಮ್ಮ."

"ಹಾಕು. ಅಲ್ಲಿ ದಿನಾ ಊಟ ಕೊಡ್ತಾರಂತಲ್ಲ."

ಆ ಮಾತಿನಲ್ಲಿ ಹುಡುಗಾಟಿಕೆ ಇರಲಿಲ್ಲ. ಅವಳು ಮಾಡುತ್ತಾಳೆ. ನಮ್ಮ ಕಣಿವೆಯಲ್ಲಿ ಕರಿ ಉಪವಾಸ ಹಿಡಿದ ಹೆಂಗಸಿನ ಎದುರಿಗೆ ಪಾದ್ರಿಯೂ ದಾರಿ ಬಿಟ್ಟು ನಡೆಯುತ್ತಾನೆ. ಒಂಬತ್ತು ಮಂಗಳವಾರ, ಸೂರ್ಯ ಹುಟ್ಟಿದಾಗಿನಿಂದ ಮೊದಲ ನಕ್ಷತ್ರದವರೆಗೆ ಅನ್ನವಿಲ್ಲ, ನೀರಿಲ್ಲ. ಯಾರ ಮೇಲೆ ಎಂದು ಬಾಯಿಬಿಟ್ಟು ಹೇಳುವಂತಿಲ್ಲ. ಹೇಳಿದರೆ ಉಪವಾಸ ಕೆಡುತ್ತದೆ. ತಪ್ಪು ಮಾಡಿದವನನ್ನು ಅದರ ಶಾಪ ತಾನಾಗಿ ಹುಡುಕಿಕೊಂಡು ಹೋಗುತ್ತದೆ.

ಇದಕ್ಕೆ ಅಡ್ಡ ನಿಲ್ಲಲು ಒಂದೇ ದಾರಿ. ಅವೇ ಮಂಗಳವಾರಗಳಲ್ಲಿ ಎದುರು ಉಪವಾಸ. ತಪ್ಪು ಮಾಡಿದವನಿಗೆ, ಹೆಚ್ಚೆಂದರೆ ಅವನ ಮನೆಯವರಿಗೆ ಮಾತ್ರ ಅದರ ಅಗತ್ಯ.

ನನಗೆ ಹೊಳೆದದ್ದು ಅಷ್ಟೇ. ಬುಧವಾರ, ಶುಕ್ರವಾರ ಕಣಿವೆಗೆ ಕಣಿವೆಯೇ ಹಾಲು ಮಾಂಸ ಬಿಡುತ್ತದೆ. ಮಂಗಳವಾರ ಯಾರೂ ಬಿಡುವುದಿಲ್ಲ. ಅದರಲ್ಲೂ ಜುಲೈ ಕೊನೆಯ ಹುಲ್ಲುಕೊಯ್ಲಿನ ಬಿಸಿಲಲ್ಲಿ ನೀರು ಬೇಡ ಎನ್ನುವವರು ಯಾರು? ಅದಕ್ಕೇ ಒಂದು ಬಾಟಲಿ ಸಾರಾಯಿ, ಒಂದು ಹೂಜಿ ನೀರು ಜೀಪಿಗೆ ಹಾಕಿಕೊಂಡು ಹೊರಟಿದ್ದೆ. ಪಟ್ಟಣದ ಮೇಲಧಿಕಾರಿಗೆ ಇದನ್ನು ಹೇಳಿದ್ದರೆ ನನ್ನನ್ನು ರಜೆಯ ಮೇಲೆ ಕಳಿಸುತ್ತಿದ್ದ.

ಎರಡನೆಯವನು ಕುರಿದೊಡ್ಡಿಯ ಯಜಮಾನ ಇಲಿಯೇಶ್. ಎಳೆಗಿಡಗಳ ನಡುವೆ ಕುರಿ ಬಿಟ್ಟನೆಂದು ನಿಕ್ವಾರಾ ಅವನ ಮೇಲೆ ದೂರು ಬರೆದಿದ್ದ. ಇಬ್ಬರೂ ಹಬ್ಬದ ದಿನ ಎಲ್ಲರ ಕಣ್ಣೆದುರು ಅಂಗಿ ಹರಿದುಕೊಂಡಿದ್ದರು.

ಜೀಪು ಮನೆಗಳ ಮುಂದಿನ ಮರದ ಮಹಾದ್ವಾರಗಳ ಸಾಲು ದಾಟಿ, ಹೊಳೆ ದಾಟಿ, ಬೀಚ್ ಮರಗಳ ಕಾಡು ಹೊಕ್ಕು ಮೇಲಿನ ಹುಲ್ಲುಗಾವಲಿಗೆ ಬರುವಷ್ಟರಲ್ಲಿ ಎಂಜಿನ್ ಕುದಿಯುತ್ತಿತ್ತು. ಮೇಲಿಂದ ನೋಡಿದರೆ ಕಣಿವೆಯ ಎರಡೂ ಇಳಿಜಾರಿನಲ್ಲಿ ಬಣವೆಗಳು. ಒಂದೊಂದು ಕಂಬದ ಸುತ್ತ ಹುಲ್ಲು ಒಟ್ಟಿ, ತುಳಿದು, ತಲೆ ಚೂಪು ಮಾಡಿ ನಿಲ್ಲಿಸಿದ್ದರು. ದೂರಕ್ಕೆ ಟೋಪಿ ಹಾಕಿಕೊಂಡು ಪ್ರಾರ್ಥನೆಗೆ ನಿಂತ ಜನರ ಹಾಗೆ ಕಾಣುತ್ತಿದ್ದವು. ಅದರಾಚೆ ಕಲ್ಲಿನ ಶಿಖರಗಳ ಸಂದಿಯಲ್ಲಿ ಕಳೆದ ಚಳಿಗಾಲದ ಹಿಮ ಇನ್ನೂ ಅಂಗೈಯಗಲ ಉಳಿದಿತ್ತು.

ಇಲಿಯೇಶ್ ಸಾರಾಯಿ ಮೂರು ಲೋಟ ಕುಡಿದ. ನಾಲ್ಕನೆಯದಕ್ಕೆ ಕೈ ಚಾಚಿದಾಗ ನಾನೇ ಬಾಟಲಿ ಮುಚ್ಚಿದೆ.

"ನಿಕ್ವಾರಾ ಸತ್ತ ದಿನ ನಾನೆಲ್ಲಿದ್ದೆ ಅಂತ ಕೇಳೋಕೆ ಬಂದಿದೀಯ. ಇಲ್ಲೇ ಇದ್ದೆ. ಮುನ್ನೂರು ಕುರಿ ಸಾಕ್ಷಿ. ಒಂದೊಂದನ್ನೇ ಕರೆದು ಕೇಳು," ಎಂದ. "ನನಗೆ ಅವನ ಮೇಲೆ ಸಿಟ್ಟಿತ್ತು, ಇಲ್ಲ ಅನ್ನಲ್ಲ. ಆದ್ರೆ ಹಿಂದಿನಿಂದ ಹೊಡೆಯೋ ಸಿಟ್ಟಲ್ಲ. ನಾನು ಹೊಡೆದಿದ್ರೆ ಮೂಗು ಒಡೆದಿರ್ತಿತ್ತು."

ಅದೂ ನಿಜವೇ.

ಮೂರನೆಯ ಜಾಗ ಮಗುರಾ ಗುಡ್ಡದ ಹುಲ್ಲುಗಾವಲು. ಅಲ್ಲಿಗೆ ಸುಮ್ಮನೆ ಹೋಗಿದ್ದೆ ಎಂದರೆ ಸುಳ್ಳಲ್ಲ. ಪಾನ್ಫಿಲ್ ಕುದುರೆಗಾಡಿಯಲ್ಲಿ ದಿಮ್ಮಿ ಸಾಗಿಸುವವನು, ನಿಕ್ವಾರಾನ ಜೊತೆಗಾರ. ಹೆಣದ ಪೆಟ್ಟಿಗೆಗೆ ಮೊದಲು ಹೆಗಲು ಕೊಟ್ಟವನು. ಅವನನ್ನು ಯಾರೂ ಅನುಮಾನಿಸಿರಲಿಲ್ಲ, ನಾನೂ ಸೇರಿ.

ಗಂಡ ಕೆಳಗೆ ನಿಂತು ಕವೆಗೋಲಿನಿಂದ ಹುಲ್ಲು ಎತ್ತಿ ಕೊಡುತ್ತಿದ್ದ. ಹೆಂಡತಿ ಇರೋದಿಯಾ ಬಣವೆಯ ಮೇಲೆ ಕಂಬ ಹಿಡಿದು ಸುತ್ತ ತುಳಿಯುತ್ತಿದ್ದಳು. ಎರಡಾಳೆತ್ತರಕ್ಕೂ ಮೇಲೆ ಏರಿತ್ತು ಬಣವೆ. ಇನ್ನು ತಲೆ ಕಟ್ಟುವುದೊಂದೇ ಬಾಕಿ.

"ಅನಿಸಿಯಕ್ಕಾ! ಬನ್ನಿ ಬನ್ನಿ." ಪಾನ್ಫಿಲ್ ಟೋಪಿ ತೆಗೆದ. ಎತ್ತರದ ಆಳು, ನಗುಮುಖ. ಸಾರಾಯಿ ಕುಡಿದ, ನೀರು ಕುಡಿದ, ಇನ್ನೊಂದು ಲೋಟ ನೀರು ಕೇಳಿ ಕುಡಿದ. "ನಿನ್ನೆ ದೊಡ್ಡಮ್ಮನಿಗೆ ಸೌದೆ ಒಡೆದು ಕೊಟ್ಟು ಬಂದೆ. ಆ ಮುಖ ನೋಡೋಕಾಗಲ್ಲ ಅಕ್ಕಾ. ಯಾರು ಮಾಡಿದ್ರೋ ಅವರ ಕೈ ಸೇದಿಹೋಗ."

ಗವ್ರಿಲಾ ಹೂಜಿಯ ಹಿಡಿಯನ್ನು ಕವೆಗೋಲಿಗೆ ಸಿಕ್ಕಿಸಿ ಮೇಲಕ್ಕೆತ್ತಿದ. "ತಗೋ ತಂಗಿ, ನೀನೂ ಗಂಟಲು ನೆನೆಸ್ಕೋ."

ಇರೋದಿಯಾ ಹೂಜಿ ತೆಗೆದುಕೊಂಡು ಬಾಯಿಗೆತ್ತಿದಳು. ತುಂಬ ಹೊತ್ತು ಎತ್ತಿ ಹಿಡಿದಳು. ನೀರು ಗಲ್ಲದಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಅಂಗಿಗೆ, ಅಂಗಿಯಿಂದ ಹುಲ್ಲಿಗೆ ಇಳಿಯಿತು.

ಗಂಟಲು ಅಲುಗಲಿಲ್ಲ.

ಹೂಜಿ ಕೆಳಗೆ ಬಂತು. ತುಟಿ ಒದ್ದೆಯಾಗಿತ್ತು, ಆದರೆ ಒಡೆದಿತ್ತು. ಬೆಳಗ್ಗೆ ನಾನು ಇನ್ನೊಂದು ಮುಖದ ಮೇಲೆ ನೋಡಿದ್ದ ಅದೇ ಬಿಳಿಚು.

ನಾನು ಹೂಜಿಯ ಬಾಯಿ ಮುಚ್ಚಿ ಪಾನ್ಫಿಲ್ ಕಡೆ ತಿರುಗಿದೆ.

"ಪಾನ್ಫಿಲ್, ಜೀಪಿನ ನೀರೆಲ್ಲ ಕುದ್ದು ಹೋಗಿದೆ. ಗವ್ರಿಲಾನಿಗೆ ಒರತೆ ತೋರಿಸ್ತೀಯಾ?"

"ಅದಕ್ಕೇನಕ್ಕಾ. ಹಾಗೇ ನಾನು ಒಂದು ಗಾಡಿ ಹುಲ್ಲು ಮನೆಗೆ ಮುಟ್ಟಿಸಿ ಬರ್ತೀನಿ. ಕತ್ತಲಾಗೋದ್ರೊಳಗೆ ಬರ್ತೀನಿ ಕಣೇ!" ಎಂದು ಮೇಲಕ್ಕೆ ಕೂಗಿದ. ಇರೋದಿಯಾ ತಲೆ ಆಡಿಸಿದಳು.

ಗಾಡಿಯ ಸದ್ದು ಇಳಿಜಾರಿನಲ್ಲಿ ಕರಗುವವರೆಗೂ ಕಾದು, ಒರಗಿಸಿದ್ದ ಏಣಿ ಹತ್ತಿದೆ.

ಇರೋದಿಯಾ ಕಂಬಕ್ಕೆ ಒರಗಿ ಕೂತಿದ್ದಳು. ನಾನು ಬಂದದ್ದು ಆಶ್ಚರ್ಯವಾದ ಹಾಗೆ ಕಾಣಲಿಲ್ಲ.

"ಎಷ್ಟು ಮಂಗಳವಾರ ಆಯ್ತು?" ಎಂದು ಕೇಳಿದೆ.

"ಒಂಬತ್ತು."

"ಗಂಡನ್ನ ಕಾಯ್ತಿದೀಯ."

ಅವಳು ನಕ್ಕಳು. ಒಣಗಿದ ಗಂಟಲಿನಿಂದ ಬಂದ ನಗು ಕೆಮ್ಮಾಗಿ ಮುಗಿಯಿತು.

"ಪೊಲೀಸು ಬಟ್ಟೆ ಹಾಕ್ಕೊಂಡ ಮೇಲೆ ನಿನ್ನ ಬುದ್ಧಿಗೆ ಏನಾಯ್ತು ಅನಿಸಿಯಾ? ಒಂದೇ ಬೆಂಚಲ್ಲಿ ಕೂತು ಓದಿದೋರು ನಾವು. ಕಾಯೋಕೆ ಅಂತ ಯಾರು ಹೊಟ್ಟೆ ಸುಟ್ಕೋತಾರೆ?"

"ಮತ್ತೆ?"

"ನಿನ್ನ ದೊಡ್ಡಮ್ಮ ಯಾರ ಮೇಲೆ ಅಂತ ಗೊತ್ತಿಲ್ಲದೆ ಉಪವಾಸ ಹಿಡಿದ್ರು. ನಾನು ಗೊತ್ತಿದ್ದು ಹಿಡಿದೆ."

ಇಬ್ಬರು ಹೆಂಗಸರು, ಎರಡು ಮನೆ, ಅವೇ ಒಂಬತ್ತು ಮಂಗಳವಾರ. ಎದುರುಬದುರಾಗಿ ಅಲ್ಲ. ಒಂದೇ ಕಡೆಗೆ.

"ಪಾನ್ಫಿಲ್ ಮೇಲೆ," ಎಂದೆ.

"ಹೆಸರು ನೀನು ಹೇಳಿದೀಯ, ನಾನು ಹೇಳಿಲ್ಲ. ನಕ್ಷತ್ರ ಬರೋವರೆಗೆ ನನ್ನ ಬಾಯಿಂದ ಬರಲ್ಲ." ಅವಳು ಒದ್ದೆ ಹುಲ್ಲನ್ನು ಕಿತ್ತು ಪಕ್ಕಕ್ಕೆ ಎಸೆದಳು. "ನನ್ನ ಅಣ್ಣ ಆಕ್ಸಿಂತೆ ಹೇಗೆ ಸತ್ತ, ನೆನಪಿದೆಯಾ?"

ನೆನಪಿತ್ತು. ಐದು ಚಳಿಗಾಲದ ಹಿಂದೆ, ಕಾಡಿನಲ್ಲಿ, ಬೀಳುತ್ತಿದ್ದ ಮರದಡಿ ಸಿಕ್ಕಿ. ಅಪಘಾತ ಎಂದು ಬರೆದವಳು ನಾನೇ.

"ಉಸಿರೆಳೆಯೋಕೂ ಪುರುಸೊತ್ತಾಗಲಿಲ್ಲ, ಒಂದೇ ಏಟಿಗೆ ಹೋದ ಅಂತ ನನಗೆ ಬಂದು ಹೇಳಿದ್ರು. ಹೇಳಿದ್ದು ಯಾರು? ಹನ್ನೆರಡು ವರ್ಷದಿಂದ ನನ್ನ ಬಟ್ಟಲಲ್ಲೇ ಉಣ್ಣೋನು. ನಂಬಿದೆ. ಈ ವರ್ಷ ಈಸ್ಟರ್ ಆದ ಮೇಲೆ ನಿಕ್ವಾರಾ ಬಂದು ನನ್ನ ಹೊಸ್ತಿಲಲ್ಲಿ ಮಂಡಿಯೂರಿ ಕೂತ. ಅಕ್ಕಾ, ಆಕ್ಸಿಂತೆ ಬದುಕಿದ್ದ ಅಂದ. ಮರದಡಿ ಕಾಲು ಸಿಕ್ಕಿ ಮಾತಾಡ್ತಿದ್ದ ಅಂದ."

"ನಿಕ್ವಾರಾ ಅಲ್ಲಿದ್ನಾ?"

"ಮೂವರೂ ಇದ್ರು. ಕಳ್ಳಮರ. ಇವನು ಕಡಿಯೋದು, ಅವನು ಮುದ್ರೆ ಹಾಕೋದು, ನನ್ನಣ್ಣ ಎಳೆಯೋದು. ಊರಿಂದ ಜನ ಕರ್ಕೊಂಡು ಬರೋಣ ಅಂದ್ನಂತೆ ನಿಕ್ವಾರಾ. ಜನ ಬಂದ್ರೆ ಬುಡ ನೋಡ್ತಾರೆ, ಇಬ್ಬರೂ ಜೈಲಿಗೆ ಹೋಗ್ತೀವಿ, ಬಾ ಅಂದ್ನಂತೆ ಇನ್ನೊಬ್ಬ. ನನ್ನಣ್ಣ ಕೂಗಿದ್ನಂತೆ. ಹೋಗ್ತೀರಾದ್ರೆ ಹೋಗಿ, ಒಂದು ಬತ್ತಿ ಹಚ್ಚಿಟ್ಟು ಹೋಗಿ ಅಂತ." ಅವಳ ದನಿ ಏರಲಿಲ್ಲ. "ಕಡ್ಡಿಪೆಟ್ಟಿಗೆ ಇತ್ತಂತೆ ಜೇಬಲ್ಲಿ. ಸಿಗರೇಟು ಹಚ್ಕೊಂಡು ನಡೆದ್ರಂತೆ."

ಕೆಳಗೆ ಎಲ್ಲೋ ಕುರಿಗಂಟೆಗಳ ಸದ್ದು. ನಾನು ಬರೆದಿದ್ದ ಆ ಅರ್ಧ ಪುಟದ ವರದಿ ಕಣ್ಣ ಮುಂದೆ ಬಂತು. ಕೊನೆಗೆ ನನ್ನ ಸಹಿ.

"ಪೊಲೀಸಿಗೂ ಪಾದ್ರಿಗೂ ಎಲ್ಲ ಹೇಳಿಬಿಡ್ತೀನಿ ಅಂದಿದ್ದ ನಿಕ್ವಾರಾ. ಹದಿನೈದು ದಿನಕ್ಕೆ ಹೊಳೇಲಿ ಸಿಕ್ಕ. ಅವನಿಗೂ ಬತ್ತಿ ಸಿಗಲಿಲ್ಲ ಅಂತ ಊರೆಲ್ಲ ಅತ್ತರು. ನಾನು ಅಳಲಿಲ್ಲ. ಇಬ್ಬರಲ್ಲಿ ಒಬ್ಬ ಹೋದ. ಇನ್ನೊಬ್ಬ ಉಳಿದಿದಾನೆ."

"ನನ್ನ ಹತ್ರ ಬರಬಹುದಿತ್ತಲ್ಲ ಇರೋದಿಯಾ."

"ಬಂದು? ನೀನು ಒಳಗೆ ಹಾಕಿಸ್ತೀಯ. ಅಲ್ಲಿ ದೀಪ ಇರುತ್ತೆ, ಹಾಸಿಗೆ ಇರುತ್ತೆ. ಹತ್ತು ವರ್ಷಕ್ಕೆ ಮೈ ತುಂಬಿಸ್ಕೊಂಡು ಹೊರಗೆ ಬರ್ತಾನೆ. ನನಗೆ ಅದು ಬೇಡ. ನನ್ನಣ್ಣ ಪಟ್ಟಿದ್ದು ಅವನೂ ಪಡ್ಬೇಕು. ಕೂಗ್ಬೇಕು, ಯಾರೂ ಬರಬಾರದು."

ಅವಳ ಕಣ್ಣು ನನಗೆ ಭಯ ತರಿಸಿತು. ಇನ್ನೂ ಹೆಚ್ಚು ಭಯವಾದದ್ದು ಆ ಮಾತು ನನಗೆ ಸರಿಯೆನಿಸಿದ್ದಕ್ಕೆ.

"ಬರೀ ಮಾತಿನ ಮೇಲೆ ನಾನು ಏನೂ ಮಾಡೋಕಾಗಲ್ಲ," ಎಂದೆ. "ಸಾಕ್ಷಿ ಬೇಕು."

ಇರೋದಿಯಾ ತಾನು ಕೂತಿದ್ದ ಹುಲ್ಲನ್ನು ಅಂಗೈಯಿಂದ ತಟ್ಟಿದಳು.

"ಸುತ್ತಿಗೆ ಇದರ ಹೊಟ್ಟೇಲಿದೆ. ಇವತ್ತು ಬೆಳಗ್ಗೆ ಕುದುರೆ ಮೇವಿನ ಪೆಟ್ಟಿಗೆ ತಳದಲ್ಲಿ ಸಿಕ್ತು. ಹಿಡಿ ಕರ್ರಗೆ ಆಗಿದೆ, ತೊಳೆದಿದಾನೆ, ಆದ್ರೆ ಮರ ರಕ್ತ ಬಿಟ್ಟಿಲ್ಲ. ಹಿಡಿ ಸೇರೋ ಕಡೆ ಕೂದಲೂ ಸಿಕ್ಕೊಂಡಿದೆ. ಅವನು ಕೆಳಗಿಂದ ಹುಲ್ಲು ಎತ್ತಿ ಕೊಡ್ತಿದ್ದ, ನಾನು ಮೇಲೆ ಅದರ ನಡುವೆ ಇಟ್ಟು ತುಳಿದೆ. ಅವನ ಕೈಯಿಂದಲೇ ಮುಚ್ಚಿಸಿದೆ."

"ಈಗಲೇ ಕೆಡವಿಸ್ತೀನಿ."

"ಮುಟ್ಟಬೇಡ!" ಮೊದಲ ಸಲ ಅವಳ ದನಿ ಚುರುಕಾಯಿತು. "ಇನ್ನೆರಡು ಗಂಟೆ ಇದೆ ನಕ್ಷತ್ರಕ್ಕೆ. ಒಂಬತ್ತು ವಾರ ಕಾದಿದೀನಿ. ಈಗ ನೀನು ಹುಲ್ಲು ಎಳೆದು, ನನ್ನ ಬಾಯಿಂದ ಹೇಳಿಕೆ ಬರೆಸ್ಕೊಂಡ್ರೆ ಎಲ್ಲ ಮಣ್ಣುಪಾಲು. ನಕ್ಷತ್ರ ಕಾಣಲಿ. ಆಮೇಲೆ ನಿನ್ನ ಕಾಗದ ತಗೊಂಡು ಬಾ. ಹೆಸರೂ ಹೇಳ್ತೀನಿ, ಸಹಿಯೂ ಹಾಕ್ತೀನಿ."

"ಅಲ್ಲಿವರೆಗೆ ಗವ್ರಿಲಾನನ್ನ ಇಲ್ಲಿ ಬಿಟ್ಟು ಹೋಗ್ತೀನಿ."

"ಪೊಲೀಸು ಬಣವೆ ಕಾಯೋದು ಕಂಡ್ರೆ ಅವನಿಗೆ ಗೊತ್ತಾಗಲ್ವಾ? ನಾನು ಮೇಲಿರೋವರೆಗೆ ಅವನು ಇದಕ್ಕೆ ಕವೆಗೋಲು ಹಾಕಲ್ಲ. ಹೋಗು."

ಪಟ್ಟಣದಿಂದ ಬಂದ ಯಾವ ಅಧಿಕಾರಿಯಾದರೂ ಆ ಕ್ಷಣವೇ ಬಣವೆ ಕೆಡವಿಸುತ್ತಿದ್ದ. ನಾನು ಈ ಕಣಿವೆಯವಳು. ಒಂಬತ್ತನೆಯ ಮಂಗಳವಾರವನ್ನು ನಕ್ಷತ್ರಕ್ಕೆ ಎರಡು ಗಂಟೆ ಮೊದಲು ಕೆಡಿಸುವ ಧೈರ್ಯ ನನಗೆ ಬರಲಿಲ್ಲ.

ಏಣಿ ಇಳಿದೆ.

ಗವ್ರಿಲಾ ಜೀಪಿಗೆ ನೀರು ತುಂಬಿಸಿ ಕಾಯುತ್ತಿದ್ದ. ಠಾಣೆಗೆ ಹೋಗಿ ಪಟ್ಟಣಕ್ಕೆ ಫೋನು ಹಚ್ಚಿದೆ. ಮೂರು ಸಲ ಕಡಿದುಹೋಗಿ ನಾಲ್ಕನೆಯ ಸಲ ಮೇಲಧಿಕಾರಿ ಸಿಕ್ಕ.

"ಹೇಳಿಕೆ ಇದೆಯಾ?"

"ಇನ್ನೆರಡು ಗಂಟೇಲಿ ಸಿಗುತ್ತೆ ಸರ್."

"ಈಗ ಯಾಕಿಲ್ಲ?"

ನಕ್ಷತ್ರ ಬಂದಿಲ್ಲ ಎಂದು ಹೇಗೆ ಹೇಳಲಿ? "ಸಾಕ್ಷಿದಾರಳಿಗೆ ಸುಸ್ತಾಗಿದೆ," ಎಂದೆ.

"ಸಿಕ್ಕಿದ ಮೇಲೆ ಫೋನು ಮಾಡಿ. ಜನ ಕಳಿಸ್ತೀನಿ."

ಕೇಳಿದ್ದನ್ನೆಲ್ಲ ಮರೆಯುವ ಮೊದಲು ಕೂತು ಬರೆದೆ. ಹಳೆಯ ಕಪಾಟಿನಿಂದ ಆಕ್ಸಿಂತೆಯ ಕಡತ ಹುಡುಕಿ ತೆಗೆದು ಓದಿದೆ. "ಕಾಲು ಮಾತ್ರ ಜಜ್ಜಿದೆ" ಎಂದು ವೈದ್ಯರು ಬರೆದಿದ್ದ ಸಾಲಿನ ಮೇಲೆ ನಾನೇ ಅಂದು ಕಣ್ಣಾಡಿಸಿ ಮುಂದೆ ಹೋಗಿದ್ದೆ. ಕಾಲು ಮಾತ್ರ ಜಜ್ಜಿದವನು ಒಂದೇ ಏಟಿಗೆ ಸಾಯುವುದು ಹೇಗೆ? ಐದು ವರ್ಷ ಆ ಸಾಲು ಕಪಾಟಿನಲ್ಲಿ ನನಗಾಗಿ ಕಾದಿತ್ತು.

ಹೊರಗೆ ಬಂದಾಗ ಸೂರ್ಯ ಶಿಖರದ ಹಿಂದಕ್ಕೆ ಸರಿದಿದ್ದ. ಆಕಾಶ ಇನ್ನೂ ಬೆಳ್ಳಗಿತ್ತು. ಇಂಥ ಹೊತ್ತಲ್ಲೇ ಮೊದಲ ನಕ್ಷತ್ರ ಹುಡುಕುವವರು ಅಂಗಳಕ್ಕೆ ಬಂದು ನಿಲ್ಲುತ್ತಾರೆ.

"ಮೊದಲು ದೊಡ್ಡಮ್ಮನ ಮನೆಗೆ," ಎಂದೆ. "ಲುಪ್ಶಾ ಅಲ್ಲ ಅಂತ ಹೇಳಿ, ಅವಳನ್ನ ಮನೇಲಿ ಕೂರಿಸಿ, ಆಮೇಲೆ ಗುಡ್ಡಕ್ಕೆ."

ದನಗಳು ದಾರಿ ತುಂಬ ಮನೆಗೆ ಬರುತ್ತಿದ್ದವು. ಗವ್ರಿಲಾ ಹಾರನ್ ಬಾರಿಸಿದ. ಒಂದು ಎಮ್ಮೆ ಜೀಪಿನ ಮುಂದೆ ನಿಂತು ಬೇಕೆಂದೇ ನಮ್ಮನ್ನು ನೋಡಿತು. "ಇವಳೂ ಯಾವುದೋ ಉಪವಾಸದಲ್ಲಿ ಇರಬೇಕು," ಎಂದು ಗವ್ರಿಲಾ ಗೊಣಗಿದ. ಕಾಲು ಗಂಟೆ ಹಾಗೇ ಹೋಯಿತು.

ಪಲಾಗುತ್ಸಾಳ ಬಾಗಿಲು ತೆರೆದಿತ್ತು. ಒಲೆಯಲ್ಲಿ ಬೆಂಕಿ ಉರಿಯುತ್ತಿತ್ತು. ಮೇಜಿನ ಮೇಲೆ ದುಂಡು ರೊಟ್ಟಿ, ಮುರಿದಿರಲಿಲ್ಲ.

ಅದರ ಮುಂದೆ ಪಾನ್ಫಿಲ್ ಕೂತಿದ್ದ. ಟೋಪಿ ಮಂಡಿಯ ಮೇಲಿತ್ತು.

"ಬನ್ನಿ ಅನಿಸಿಯಕ್ಕಾ," ಎಂದ.

"ದೊಡ್ಡಮ್ಮ ಎಲ್ಲಿ?"

"ಹೆಸರು ಬೇಕು ಬೇಕು ಅಂತಿದ್ರು. ಪಾಪ, ಆ ಸಂಕಟ ನೋಡೋಕಾಗಲಿಲ್ಲ. ಹೇಳಿದೆ."

"ಯಾರ ಹೆಸರು ಹೇಳಿದೆ?"

ಅವನು ನನ್ನನ್ನು ನೋಡಿದ. ಆ ನಗುಮುಖದಲ್ಲಿ ಕಣ್ಣು ಮಾತ್ರ ನಗುತ್ತಿರಲಿಲ್ಲ.

"ನೀವು ಬೆಳಗ್ಗಿಂದ ಹುಡುಕ್ತಿದ್ದೋರ ಹೆಸರೇ. ಹೂಜಿ ಹಿಡ್ಕೊಂಡು ಊರೂರು ಯಾಕೆ ತಿರುಗಿದ್ರಿ ಅಂತ ಕಣಿವೆಗೆಲ್ಲ ಅರ್ಥ ಆಗಿದೆ ಅಕ್ಕಾ. ಒಂಬತ್ತು ಮಂಗಳವಾರದಿಂದ ನನ್ನ ಹೆಂಡತಿ ಒಂದು ಹನಿ ನೀರು ಮುಟ್ಟಿಲ್ಲ. ನಿಕ್ವಾರಾ ಅವಳ ಹೊಸ್ತಿಲಿಗೆ ಬಂದು ಅತ್ತು ಹೋಗಿದ್ದೂ ಅಕ್ಕಪಕ್ಕದೋರು ನೋಡಿದಾರೆ. ತಪ್ಪು ಮಾಡದವಳು ಎದುರು ಉಪವಾಸ ಯಾಕೆ ಹಿಡೀತಾಳೆ? ನೀವೇ ಹೇಳಿ."

ನನ್ನ ಉಪಾಯ. ಅಕ್ಷರ ಬಿಡದೆ ನನ್ನದೇ ಉಪಾಯ.

"ಇರೋದಿಯಾ ಎಲ್ಲಿದಾಳೆ?"

"ಬಣವೆ ಮೇಲೇ ಇದಾಳೆ. ನೀವು ಹೋದ ಮೇಲೆ ಮತ್ತೆ ಹೋಗಿದ್ದೆ ನೋಡಿ, ಏಣಿ ಮನೆಗೆ ತರೋಕೆ. ನಿದ್ದೆ ಹೋಗಿದ್ಲು. ಎಬ್ಬಿಸೋಕೆ ಮನಸ್ಸಾಗಲಿಲ್ಲ." ಅವನು ರೊಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡು ಮುರಿದ. "ದೊಡ್ಡಮ್ಮ ಒಳದಾರೀಲಿ ಗುಡ್ಡಕ್ಕೆ ಹೋದ್ರು. ಅರ್ಧ ಗಂಟೆ ಆಯ್ತು. ವಯಸ್ಸಾದೋರು, ಕಣ್ಣು ಬೇರೆ ಮಂಜು. ದಾರಿ ಕಾಣಲಿ ಅಂತ ಲಾಟೀನು ನಾನೇ ಹಚ್ಚಿ ಕೊಟ್ಟೆ."